ದೇಶದ ಪುಟದಲ್ಲಿ ತಂಗಿಯ ಬಾಗಿನ

‘ಇದು ನನ್ನ ತಂಗಿಯ ಮನೆ’ ಎಂದು ಬರೆಯುವುದು ನನ್ನಿಂದ ಆಗಲಿಲ್ಲ. ಇಡೀ ವಾರದಲ್ಲಿ ಅವಳು ಕೇಳಿದ್ದು ಅದೊಂದನ್ನೇ. ಬರೆಯಲು ಜಾಗವಿತ್ತು, ಓದಲು ಜನರಿದ್ದರು, ಫೋನು ಕೈಯಲ್ಲೇ ಇತ್ತು. ನಾನು ಬೇರೇನೋ ಬರೆದೆ.

ನನ್ನ ಸ್ವಂತ ಖಾತೆಯಾಗಿದ್ದರೆ ಇದನ್ನು ಇಷ್ಟು ದೊಡ್ಡದು ಮಾಡುತ್ತಿರಲಿಲ್ಲ. ಅದು ದೇಶದ ಖಾತೆ. ನಮ್ಮ ದೇಶದ ಹೆಸರಿನಲ್ಲಿ ಸರ್ಕಾರದವರು ನಡೆಸುವ ಪುಟವೊಂದನ್ನು, ಹೊರದೇಶದಲ್ಲಿರುವ ನಮ್ಮವರ ಕೈಗೆ ವಾರಕ್ಕೊಬ್ಬರಂತೆ ಕೊಡುತ್ತಾರೆ. ದೊಡ್ಡ ಮನುಷ್ಯರಿಗಲ್ಲ. ನರ್ಸು, ಡ್ರೈವರು, ಅಡುಗೆಯವರು, ಹಡಗಿನಲ್ಲಿ ಪೇಂಟು ಹೊಡೆಯುವವರು, ಇಂಥವರಿಗೆ. ಆ ವಾರ ನಾವು ಏನು ಉಂಡೆವು, ಎಲ್ಲಿ ದುಡಿದೆವು, ಯಾರನ್ನು ನೆನೆದೆವು ಎಂಬುದೇ ದೇಶದ ಮಾತು. ಯಾವ ಭಾಷೆಯಲ್ಲಾದರೂ ಬರೆಯಬಹುದು. ಆದರೆ ದೇಶದ ಪಾಸ್‌ಪೋರ್ಟ್ ಇರಲೇಬೇಕು.

ನನ್ನ ತಂಗಿಗೆ ಆ ಪುಟವೆಂದರೆ ಪ್ರಾಣ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆಯ ಕಟ್ಟೆಗೆ ಒರಗಿ ಓದುತ್ತಿದ್ದಳು. ಯಾರೋ ಗುಜರಾತಿನವನು ಆಫ್ರಿಕಾದಲ್ಲಿ ಹಪ್ಪಳ ಒಣಗಿಸಿದ್ದನ್ನು ನೋಡಿ ತಾನೇ ಒಣಗಿಸಿದವಳ ಹಾಗೆ ಹಿಗ್ಗುತ್ತಿದ್ದಳು. ಅವಳು ಅರ್ಜಿ ಹಾಕುವಂತಿರಲಿಲ್ಲ. ಅವಳ ಪಾಸ್‌ಪೋರ್ಟು ಅಮೆರಿಕದ್ದು.

ಅದೂ ನನ್ನಿಂದಲೇ. ಇಲ್ಲಿ ಒಡಹುಟ್ಟಿದವರನ್ನು ಕರೆಸಿಕೊಳ್ಳಬೇಕಾದರೆ ಈ ದೇಶದ ಪ್ರಜೆಯೇ ಆಗಿರಬೇಕು. ಅವಳು ಕೈ ಎತ್ತಿ ಪ್ರಮಾಣ ಮಾಡಿ, ನಮ್ಮ ಪಾಸ್‌ಪೋರ್ಟನ್ನು ಒಪ್ಪಿಸಿ, ನನ್ನ ಹೆಸರಿಗೆ ಅರ್ಜಿ ಹಾಕಿದಳು. ನನ್ನ ಸರದಿ ಬರುವಷ್ಟರಲ್ಲಿ ಎಷ್ಟೋ ವರ್ಷ ಕಳೆದುಹೋಯಿತು. ಅಮ್ಮ ಹೋದಳು. ನನ್ನ ಹೆಂಡತಿಯೂ ತೀರಿಕೊಂಡಳು, ನಮಗೆ ಮಕ್ಕಳಿರಲಿಲ್ಲ. ಇಲ್ಲಿ ತಂಗಿಯ ಮದುವೆಯೂ ಮುರಿಯಿತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷು ಎರಡರಲ್ಲೂ ಫೇಲಾಗಿ ಮಂಡ್ಯದಲ್ಲಿ ಗೂಡ್ಸ್ ಆಟೋ ಓಡಿಸಿಕೊಂಡಿದ್ದ ನಾನು ಕೊನೆಗೆ ಬಂದಿಳಿದಾಗ, ಲಿವರ್‌ಮೋರಿನ ಈ ಮನೆಯಲ್ಲಿ ಇದ್ದವರು ಅವಳು ಮತ್ತು ಅವಳ ಮಗಳು. ಹಿಂದಿನ ರೂಮನ್ನು ನನಗಾಗಿ ಬಣ್ಣ ಹೊಡೆಸಿ ಇಟ್ಟಿದ್ದಳು. ಈಗ ಹೇವರ್ಡಿನ ಒಂದು ಗೋಡೌನಿನಲ್ಲಿ ನನಗೆ ಕೆಲಸ. ಇಂಡಿಯನ್ ಗ್ರೋಸರಿ ಅಂಗಡಿಗಳಿಗೆ ಹೋಗುವ ಅಕ್ಕಿ ಬೇಳೆ ಚೀಲಗಳನ್ನು ಲೋಡ್ ಮಾಡುತ್ತೇನೆ. ತಂಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ.

ಒಂದು ಭಾನುವಾರ ಅವಳು ಫೋನು ಹಿಡಿದು ಬಂದಳು.

“ಅಣ್ಣಯ್ಯ, ಒಂದ್ ಫೋಟೋ ತಗೀತೀನಿ. ಆ ಗೋಡೆ ಹತ್ರ ನೆಟ್ಟಗೆ ನಿಂತ್ಕೊ.”

“ಯಾಕವ್ವ, ಹೆಣ್ಣೇನಾದ್ರೂ ನೋಡಿದ್ಯಾ?”

“ಈ ಮೂತಿಗೆ ಹೆಣ್ಣ್ ಯಾರ್ ಕೊಡ್ತಾರೆ? ದೇಶಾನೇ ಕೊಡ್ಸೋಣ ಅಂತಿದೀನಿ.”

ನನಗೆ ತಿಳಿಯದಂತೆ ಅರ್ಜಿ ಹಾಕಿಬಿಟ್ಟಿದ್ದಳು. ನನ್ನ ಬಗ್ಗೆ ಏನು ಬರೆದಿದ್ದಳೋ, ದೆಹಲಿಯಿಂದ ಒಬ್ಬ ಆಫೀಸರಮ್ಮ ವಿಡಿಯೋ ಕಾಲ್ ಮಾಡಿದರು. ಅವರು ಅರ್ಧ ಹಿಂದಿ, ಅರ್ಧ ಇಂಗ್ಲಿಷು ಮಾತಾಡಿದರು. ತಂಗಿ ಪಕ್ಕದಲ್ಲಿ ಕೂತು ನನಗೆ ಕನ್ನಡದಲ್ಲಿ ಹೇಳಿದಳು. ಜಗಳ ಆಡಬಾರದು, ಏನನ್ನೂ ಮಾರಬಾರದು, ಕೇಳದೆ ಯಾರ ಮುಖವನ್ನೂ ಹಾಕಬಾರದು. ಕಡೆಗೆ ಆಯಮ್ಮ ನಗುತ್ತಾ ಇನ್ನೇನೋ ಅಂದರು.

“ಏನಂತೆ?”

“ಸಣ್ಣ ವಿಷಯ ಆದ್ರೂ ಪರ್ವಾಗಿಲ್ಲ, ನಿಜ ಇರ್ಲಿ ಅಂತೆ. ದೇಶದ ಹೆಸರಲ್ಲಿ ಹೋಗತ್ತಲ್ಲ.”

ಮೊದಲ ದಿನ ನಾನು ಮಾಡಿದ ಘನಂದಾರಿ ಕೆಲಸವನ್ನೂ ಹೇಳಿಬಿಡುತ್ತೇನೆ. ಖಾತೆ ಕೈಗೆ ಬಂದ ಕೂಡಲೇ ಒಂದು ಕೆಂಪು ಗುಲಾಬಿ, ಪಕ್ಕದಲ್ಲಿ ಬಾವುಟ, ಮೇಲೆ ‘ಶುಭೋದಯ’ ಎಂದಿದ್ದ ಚಿತ್ರವನ್ನು ಹಾಕಿದೆ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ದಿನಾ ಹಾಕುವುದು ಅದೇ ತಾನೆ. ತಂಗಿ ಹಲ್ಲುಜ್ಜುತ್ತಿದ್ದವಳು ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿ ಬಂದಳು.

“ಅಯ್ಯೋ ಅಣ್ಣಯ್ಯ, ಪ್ರಪಂಚ ಎಲ್ಲ ನೋಡ್ತಿದೆ. ದೇಶ ಅಂದ್ರೆ ಗುಡ್ ಮಾರ್ನಿಂಗ್ ಗುಲಾಬಿನಾ?”

“ಮತ್ತಿನ್ನೇನ್ ಹಾಕ್ಲಿ? ಇದು ಬೆಳಗ್ಗೆ ತಾನೆ?”

“ನಿನ್ ಬುತ್ತಿ ಹಾಕು. ನಿನ್ ಗೋಡೌನ್ ಹಾಕು. ನೀನ್ ಮುದ್ದೆ ತೊಳಸೋದ್ ಹಾಕು.”

ಮುದ್ದೆ ಹಾಕಿದೆ. ಊರಿನಿಂದ ತಂದ ಕೋಲು, ಅವಳ ದಪ್ಪ ತಳದ ಪಾತ್ರೆ, ಕಾಲಿನ ನಡುವೆ ಪಾತ್ರೆ ಇಟ್ಟುಕೊಂಡು ನೆಲದ ಮೇಲೆ ಕೂತ ನಾನು. ಗೋಡೌನಿನಲ್ಲಿ ನನ್ನ ಜೊತೆ ಚೀಲ ಹೊರುವ ಮೆಕ್ಸಿಕೋದವನೊಬ್ಬ ನನ್ನ ಮುದ್ದೆಯನ್ನು ಮುರಿದು ತನ್ನ ಹುರುಳಿಯ ಸಾರಿನಂಥದ್ದರಲ್ಲಿ ಅದ್ದಿ ತಿನ್ನುತ್ತಾನೆ ಎಂದೂ ಬರೆದೆ. ಅಷ್ಟೇ ಸಾಕಾಯಿತು. ಮುದ್ದೆಯನ್ನು ನುಂಗಬೇಕೋ ಅಗಿಯಬೇಕೋ ಎಂದು ಕೆಳಗೆ ಯುದ್ಧ ಶುರುವಾಯಿತು. ಹಾಸನದವರು, ತುಮಕೂರಿನವರು, ಕುವೈತಿನಲ್ಲಿರುವ ಕೋಲಾರದವರು, ಮುದ್ದೆಯನ್ನು ಕಣ್ಣಿನಿಂದಲೂ ನೋಡಿರದ ಪಂಜಾಬಿನವರು, ಎಲ್ಲರೂ ಸೇರಿದರು. ಊರಿನ ಪತ್ರಿಕೆಯೊಂದರಲ್ಲಿ ನನ್ನ ಫೋಟೋ ಬಂತು.

ಆ ವಾರ ನಮ್ಮ ಮನೆ ಮದುವೆ ಮನೆಯಂತಿತ್ತು. ನಾನು ಬಾಯಲ್ಲಿ ಹೇಳುವುದು, ಒಂದೇ ಬೆರಳಿನಲ್ಲಿ ಕುಟ್ಟುವುದು. ಅವಳು ಒತ್ತಕ್ಷರ ಸರಿಮಾಡುವುದು. ನನ್ನ ಮಾತನ್ನು ಒಂದೂ ಬದಲಾಯಿಸುತ್ತಿರಲಿಲ್ಲ. ಫೋಟೋಗಳೆಲ್ಲ ಅವಳು ತೆಗೆದವೇ. ಬೆಳಕು ಸರಿಯಿಲ್ಲವೆಂದು ನನ್ನನ್ನು ಬಿಸಿ ಪಾತ್ರೆಯ ಸಮೇತ ಕಿಟಕಿಯ ಹತ್ತಿರಕ್ಕೆ ಎಳೆದಿದ್ದುಂಟು. ಎಲ್ಲ ಫೋಟೋದಲ್ಲೂ ಅವಳ ಪಾತ್ರೆ, ಅವಳ ಕಿಟಕಿ, ಅವಳ ಕರಿಬೇವಿನ ಕುಂಡ. ಅವಳು ಮಾತ್ರ ಎಲ್ಲಿಯೂ ಇರಲಿಲ್ಲ. ಅದು ನನ್ನ ತಲೆಗೆ ಬರಲೇ ಇಲ್ಲ.

ಅದೇ ವಾರ ಗೌರಿ ಹಬ್ಬ ಬಿತ್ತು. ಗೌರಿ ಹಬ್ಬಕ್ಕೆ ತವರಿನವರು ಹೆಣ್ಣುಮಕ್ಕಳಿಗೆ ಬಾಗಿನ ಕೊಡುತ್ತಾರೆ. ಬಿದಿರಿನ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಇಟ್ಟು, ಇನ್ನೊಂದು ಮೊರ ಮುಚ್ಚಿ, ಅವಳ ಸೆರಗಿಗೆ ಒಡ್ಡುವುದು. ನಾನು ಬಂದ ಮೊದಲ ವರ್ಷ ಅವಳು ಬೇಡವೆಂದಿದ್ದಳು.

“ನನಗೆಲ್ಲಿ ಬಾಗಿನ ಈಗ? ಗಂಡನ್ನ ಬಿಟ್ಟೋಳಿಗೆ.”

“ಬಾಗಿನ ಕೊಡೋದು ತವರು ಕಣವ್ವ, ಗಂಡ ಅಲ್ಲ. ತವರು ಇನ್ನೂ ಜೀವಂತ ಅದೆ, ನಿನ್ ಮುಂದೆ ನಿಂತದೆ. ಸೆರಗು ಹಿಡಿ.”

ಸೆರಗು ಹಿಡಿದಿದ್ದಳು. ಅಂದಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಆ ಮಾತು ಆಡಿದವನು ನಾನೇ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹಬ್ಬದ ಹಿಂದಿನ ಸಂಜೆ ಅವಳು ಬಳೆಗಳನ್ನು ದಾರದಲ್ಲಿ ಕಟ್ಟುತ್ತಾ ಕೂತಿದ್ದಳು. ತನಗೆ ಬರುವ ಬಾಗಿನಕ್ಕೆ ತಾನೇ ಬಳೆ ಕಟ್ಟುವವಳು ಅವಳೊಬ್ಬಳೇ ಇರಬೇಕು. ನನ್ನ ಕೈಗೆ ಕೊಟ್ಟರೆ ಅರ್ಧ ಒಡೆದಿರುತ್ತವೆ.

“ನಾಳೆ ಬಾಗಿನದ್ ಫೋಟೋ ಹಾಕು,” ಅಂದಳು.

“ಹಾಕಾನ.”

“ನನ್ ತಂಗಿ ಮನೆ, ನನ್ ತಂಗಿಗೆ ತಂದ ಬಾಗಿನ ಅಂತ ಬರಿ. ಹೆಸರು ಬೇಡ, ಮುಖ ಬೇಡ. ಅಷ್ಟ್ ಬರದ್ರೆ ಸಾಕು.”

ನಾನು ಅವಳ ಮುಖ ನೋಡಿದೆ. ಅವಳು ಬಳೆ ನೋಡುತ್ತಿದ್ದಳು.

“ಆ ಪಾಸ್‌ಪೋರ್ಟ್ ಸರೆಂಡರ್ ಮಾಡ್ದಾಗ ಮೂಲೆ ಕತ್ತರಿಸಿ ವಾಪಸ್ ಕೊಟ್ರು ಅಣ್ಣಯ್ಯ. ಇನ್ನೂ ಬೀರುನಲ್ಲಿದೆ. ನಾನಂತೂ ಆ ಪುಟದಲ್ಲಿ ಬರೆಯಂಗಿಲ್ಲ. ಯಾರ್ದೋ ತಂಗಿ ಅಂತಾದ್ರೂ ಒಂದ್ ಸಲ ಇರ್ಬೇಕು ಅನ್ನಿಸ್ತು. ಸಿಲ್ಲಿ, ಗೊತ್ತು.”

“ಸಿಲ್ಲಿ ಏನಲ್ಲ. ಬರೀತೀನಿ,” ಅಂದೆ. ಬರೆಯುತ್ತೇನೆಂದೇ ಅಂದುಕೊಂಡಿದ್ದೆ.

ನಾನು ಮಲಗುವ ಮೊದಲು ಊರಿನಿಂದ ದೊಡ್ಡಪ್ಪನ ಫೋನು ಬಂತು. ಅಪ್ಪನ ಅಣ್ಣ, ನಮ್ಮ ಕಡೆ ಉಳಿದಿರುವ ಹಿರಿಯರು ಅವರೇ.

“ಏನ್ಲಾ ಮಗ, ಪೇಪರಲ್ಲಿ ಮುದ್ದೆ ಮಡಿಕ್ಕಂಡು ಕುಂತಿದ್ದೀಯ? ಇಲ್ಲಿ ಹೋಟ್ಲಲ್ಲೆಲ್ಲ ನಿಂದೇ ಮಾತು ಕಣ್ಲಾ.”

“ಹೂಂ ದೊಡ್ಡಪ್ಪ.”

“ಅಲ್ಲಿ ಹಬ್ಬಕ್ಕೆ ನಿನ್ ತಂಗಿನೂ ಅಳೀಮಯ್ಯನೂ ಜೋಡಿಲಿ ನಿಲ್ಸಿ ಫೋಟ ಹಾಕು. ಊರೋರೆಲ್ಲ ಕಾಯ್ತಾವ್ರೆ. ಅಳೀಮಯ್ಯ ಬಂದವ್ರಾ?”

“ಇಲ್ಲ, ಟೂರ್ ಮೇಲವ್ರೆ,” ಅಂದೆ.

ಇದನ್ನು ಬಿಡಿಸಿ ಹೇಳಬೇಕು. ಮದುವೆ ಮುರಿದಾಗ ನಾನಿನ್ನೂ ಮಂಡ್ಯದಲ್ಲಿದ್ದೆ. ತಂಗಿ ಫೋನಿನಲ್ಲಿ ಅತ್ತು, “ದೊಡ್ಡಪ್ಪಂಗೆ ನೀನೇ ಹೇಳ್ಬಿಡು, ನನ್ ಕೈಲಿ ಆಗಲ್ಲ,” ಅಂದಿದ್ದಳು. ಹೇಳುತ್ತೇನೆ ಅಂದಿದ್ದೆ. ಅವರ ಮನೆಯ ಜಗಲಿಯವರೆಗೆ ಹೋಗಿ, ಕಾಫಿ ಕುಡಿದು, ಅಳಿಯಂದಿರು ಕೆಲಸದ ಮೇಲೆ ಬೇರೆ ಊರಲ್ಲಿದ್ದಾರೆ ಎಂದು ಹೇಳಿ ವಾಪಸು ಬಂದೆ. ಅವತ್ತು ಹೊರಟ ಅಳಿಯ ಇನ್ನೂ ಟೂರು ಮುಗಿಸಿರಲಿಲ್ಲ. ತಂಗಿ ಮಾತ್ರ ದೊಡ್ಡಪ್ಪನಿಗೆ ಎಲ್ಲ ಗೊತ್ತಿದೆ ಎಂದೇ ನಂಬಿದ್ದಳು. ಅಳಿಯನ ವಿಷಯ ಏನಿದ್ದರೂ ಅವರು ನನ್ನನ್ನೇ ಕೇಳುತ್ತಿದ್ದರು, ಫೋನಿನಲ್ಲಿ ಅವಳ ಹತ್ತಿರ ಆ ಮಾತು ಎತ್ತುತ್ತಿರಲಿಲ್ಲ. ದೊಡ್ಡಪ್ಪನ ಮನಸ್ಸು ಎಷ್ಟು ದೊಡ್ಡದು, ನೋವಾಗತ್ತೆ ಅಂತ ಕೇಳಲ್ಲ ನೋಡು ಎಂದು ನನ್ನ ಮುಂದೆಯೇ ಹೊಗಳುತ್ತಿದ್ದಳು. ನಾನು ಹೌದು ಹೌದು ಅನ್ನುತ್ತಿದ್ದೆ.

ಹಬ್ಬದ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲೇ ಬಾಗಿನ ಕೊಟ್ಟೆ. ಅಮ್ಮನ ಹಸಿರು ಸೀರೆ ಉಟ್ಟಿದ್ದಳು. ಸೆರಗಿನಲ್ಲಿ ಮೊರ ಹಿಡಿದು ನನ್ನ ಕಾಲಿಗೆ ಬಗ್ಗಿದಳು. ಸೊಸೆ, ಅಂದರೆ ಅವಳ ಮಗಳು, ಮೊರದ ಫೋಟೋ ತೆಗೆದು ನನ್ನ ಫೋನಿಗೆ ಕಳಿಸಿದಳು. ಕಡುಬು ತಿಂದು ಕಾರು ಹತ್ತಿದೆ. ಫ್ರೀವೇಯ ಎರಡೂ ಕಡೆ ಒಣಗಿದ ಹಳದಿ ಗುಡ್ಡಗಳು. ದಾರಿಯುದ್ದಕ್ಕೂ ಬರೆಯಬೇಕಾದ ಮಾತನ್ನೇ ಜೋಡಿಸುತ್ತಿದ್ದೆ.

ಊಟದ ಬಿಡುವಿನಲ್ಲಿ ಗೋಡೌನಿನ ಹೊರಗೆ ಕಾರಿನಲ್ಲಿ ಕೂತು ಫೋಟೋ ಹಾಕಿದೆ. ‘ಗೌರಿ ಹಬ್ಬದ ಬಾಗಿನ’ ಎಂದಷ್ಟೇ ಬರೆದೆ. ಉಳಿದದ್ದನ್ನು ಯೋಚಿಸಿ ಬರೆಯೋಣವೆಂದು. ಅಷ್ಟರಲ್ಲಿ ಕೆಳಗೆ ಮಾತು ಬೀಳತೊಡಗಿತು. ಊರಿನ ಹುಡುಗರು ಬರೆದಿದ್ದರು. ಇಲ್ಲಿಯ ಕನ್ನಡ ಕೂಟದ ಹೆಂಗಸರೂ ಬರೆದಿದ್ದರು. ಇವರಿಗೆ ತಂಗಿಯ ವಿಷಯ ಎಲ್ಲ ಗೊತ್ತು, ಅವರಿಗೆ ಏನೂ ಗೊತ್ತಿಲ್ಲ, ಇಬ್ಬರೂ ಒಂದೇ ಪುಟದಲ್ಲಿ ಒಬ್ಬರ ಕೆಳಗೊಬ್ಬರು ಬಂದು ಕೂತಿದ್ದರು. ನಾನು ತಂಗಿ ಎಂದು ಬರೆದರೆ ಊರಿನವರು ‘ಭಾವ ಎಲ್ಲಿ?’ ಅನ್ನುತ್ತಾರೆ. ಇಲ್ಲಿಯ ಯಾರೋ ಒಬ್ಬರು ಪಾಪ, ಒಳ್ಳೆಯ ಮನಸ್ಸಿನಿಂದಲೇ, ಉತ್ತರ ಕೊಟ್ಟುಬಿಡುತ್ತಾರೆ. ಆಮೇಲೆ ದೊಡ್ಡಪ್ಪ ನನ್ನನ್ನು ಕೇಳುತ್ತಾರೆ.

ಆಗ ಯಾರೋ ಗೊತ್ತಿಲ್ಲದವರು ಕೇಳಿದರು: ‘ಎಷ್ಟು ಚಂದದ ಮನೆ, ಯಾರದು? ಬಾಗಿನ ಯಾರಿಗೆ?’

ನಾನು ಬರೆದೆ: ‘ಪರಿಚಯದವರ ಮನೆ. ಬಾಗಿನ ದೇವಸ್ಥಾನಕ್ಕೆ.’

ಅವಳ ಒತ್ತಕ್ಷರದ ಸಹಾಯವಿಲ್ಲದೆ, ಒಂದೂ ತಪ್ಪಿಲ್ಲದೆ, ಆ ವಾರ ನಾನು ಬರೆದದ್ದು ಅದೊಂದೇ.

ಸಂಜೆ ಮನೆಗೆ ಬಂದಾಗ ಇಬ್ಬರೂ ಅಡುಗೆಮನೆಯಲ್ಲಿದ್ದರು. ಸೊಸೆಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಅವಳ ಫೋನಿಗೆ ಬರುತ್ತದೆ.

“ಮಾಮ, ಇಟ್ ಸೇಸ್ ಬಾಗಿನ ಈಸ್ ಫಾರ್ ದ ಟೆಂಪಲ್. ಸೋ ಅಮ್ಮ ಈಸ್ ದ ಟೆಂಪಲ್?”

ತಂಗಿ ನಕ್ಕಳು. “ಹೂಂ ಕಣೆ. ಬಾ, ಪ್ರದಕ್ಷಿಣೆ ಹಾಕು. ಹುಂಡಿಗೂ ಏನಾದ್ರೂ ಹಾಕು.”

“ಆ್ಯಂಡ್ ವಿ ಆರ್ ಪರಿಚಯದವರು?” ಅಂದಳು ಸೊಸೆ. ಅವಳು ನಗುತ್ತಿರಲಿಲ್ಲ.

“ಹೋಗು, ಹೋಮ್‌ವರ್ಕ್ ಮಾಡು,” ಅಂದಳು ತಂಗಿ.

ನನಗೆ ಬಡಿಸಿದಳು. ಕಡುಬಿಗೆ ತುಪ್ಪ ಎಂದಿನಷ್ಟೇ ಹಾಕಿದಳು. ಬೈದಿದ್ದರೆ ಉಣ್ಣುವುದು ಸುಲಭವಾಗುತ್ತಿತ್ತು. ಏನೋ ಹೇಳಬೇಕೆಂದು, “ಜನ ಏನೇನೋ ಕೇಳ್ತಿದ್ರವ್ವ, ಅವಸರದಲ್ಲಿ…” ಅಂದೆ. “ಉಣ್ಣು ಅಣ್ಣಯ್ಯ, ಆರೋಗತ್ತೆ,” ಅಂದಳು.

ಮರುದಿನ ನನಗೆ ರಜೆ. ಎದ್ದಾಗ ಅವಳ ಕಾರು ಇರಲಿಲ್ಲ. ದೇವರ ಮುಂದಿದ್ದ ಮೊರವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಂದಳು, ಹಣೆಯಲ್ಲಿ ದೇವಸ್ಥಾನದ ಕುಂಕುಮ.

“ಎಲ್ಲೋಗಿದ್ದೆ?”

“ದೇವಸ್ಥಾನಕ್ಕೆ. ಬಾಗಿನ ಕೊಟ್ಟು ಬಂದೆ.”

ನಾನು ದೇವರ ಮುಂದಿನ ಖಾಲಿ ಜಾಗ ನೋಡಿದೆ.

“ನೀನ್ ಬರದಿದ್ದೆ ಅಲ್ವಾ? ದೇಶದ ಹೆಸರಲ್ಲಿ ಬರದಿದ್ದು ಸುಳ್ಳಾಗಬಾರ್ದು. ಆಫೀಸರಮ್ಮಂಗೆ ಮಾತ್ ಕೊಟ್ಟಿದೀವಿ.” ವ್ಯಂಗ್ಯವೇನೂ ಇರಲಿಲ್ಲ. ಕೈತೊಳೆದುಕೊಂಡು ಕಾಫಿಗೆ ಹಾಲಿಟ್ಟಳು. “ಬಳೆ ಚೆನ್ನಾಗಿದ್ವು ಅಂದ್ರು ಅಲ್ಲಿರೋ ಆಂಟಿ. ಯಾರ್ ಕೊಟ್ಟಿದ್ದು ಅಂದ್ರು. ಪರಿಚಯದವ್ರು ಅಂದೆ.”

ಬಂದ ದಿನದಿಂದ ನಾನು ಕೊಟ್ಟ ಯಾವ ಬಾಗಿನದ ಬಳೆಯನ್ನೂ ಅವಳು ಬೇರೆಯವರಿಗೆ ಕೊಟ್ಟವಳಲ್ಲ. ಲ್ಯಾಬಿನಲ್ಲಿ ಗಾಜಿನ ಬಳೆ ತೊಡುವಂತಿಲ್ಲ. ಮನೆಗೆ ಬಂದು ತೊಟ್ಟು, ಬೆಳಿಗ್ಗೆ ತೆಗೆದಿಟ್ಟು ಹೋಗುತ್ತಾಳೆ. ಹಬ್ಬ ಕಳೆದರೂ ಅವಳ ಕೈಯಲ್ಲಿ ಹಿಂದಿನ ವರ್ಷದ ಬಳೆಗಳೇ ಉಳಿದವು. ಸಾರು ಕಲಕುವಾಗ ಅವುಗಳ ಸದ್ದು ಕೇಳಿದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ವಾರ ಮುಗಿಯಿತು. ಖಾತೆ ಬೇರೆ ಯಾವುದೋ ದೇಶದಲ್ಲಿ ಮುದುಕರನ್ನು ನೋಡಿಕೊಳ್ಳುವ ಕೇರಳದ ಹೆಣ್ಣುಮಗಳೊಬ್ಬಳ ಕೈಗೆ ಹೋಯಿತು. ನನ್ನ ಫೋನಿನಲ್ಲಿ ಆ ಪುಟವನ್ನು ಓದಬಹುದೇ ಹೊರತು ಒಂದಕ್ಷರ ತಿದ್ದುವಂತಿರಲಿಲ್ಲ. ತಂಗಿ ಮತ್ತೆ ಕಾಫಿ ಲೋಟ ಹಿಡಿದು ಕಟ್ಟೆಗೆ ಒರಗಿ, “ಪಾಪ, ಈ ಹುಡುಗಿ ಎಷ್ಟ್ ಚೆನ್ನಾಗಿ ಬರೀತಾಳೆ ನೋಡು,” ಎಂದು ನನಗೆ ಓದಿ ಹೇಳತೊಡಗಿದಳು. ಅವಳು ಆ ಪುಟವನ್ನು ಬಿಡಲಿಲ್ಲ. ನನ್ನ ಬುತ್ತಿಗೆ ಮೊಸರನ್ನ ಕಟ್ಟುವುದನ್ನೂ ಬಿಡಲಿಲ್ಲ.

ಕೆಲವು ವಾರ ಹಾಗೇ ಹೋಯಿತು. ಒಂದು ಶುಕ್ರವಾರ ಸಂಜೆ ಕೆಲಸ ಮುಗಿಸಿ ಗ್ರೋಸರಿ ಅಂಗಡಿಗೆ ಒಬ್ಬನೇ ಹೋದೆ. ಹಬ್ಬ ಕಳೆದಿದ್ದರಿಂದ ಮೊರ ಸಿಗಲಿಲ್ಲ. ಬಳೆ ಸಿಕ್ಕಿತು, ಹಸಿರು. ಅರಿಶಿನ ಕುಂಕುಮ, ತೆಂಗಿನಕಾಯಿ, ಬೆಲ್ಲ ತಂದೆ. ರವಿಕೆ ಕಣವನ್ನು ಹೇವರ್ಡಿನ ಬಟ್ಟೆ ಅಂಗಡಿಯೊಂದರಿಂದ ಮೊದಲೇ ತಂದಿಟ್ಟಿದ್ದೆ. ನನ್ನ ರೂಮಿನಲ್ಲಿ ಕೂತು, ಊಟದ ಸ್ಟೀಲು ತಟ್ಟೆಯಲ್ಲಿ ಎಲ್ಲ ಜೋಡಿಸಿ, ಬಳೆಗಳನ್ನು ದಾರದಲ್ಲಿ ಕಟ್ಟಿದೆ. ಎರಡು ಒಡೆದವು.

ಶನಿವಾರ ಬೆಳಗಾಗುತ್ತಲೇ ತಂಗಿ ಅಡುಗೆಮನೆಯ ಕಟ್ಟೆಯ ಮೇಲೆ ಹುರುಳಿಕಾಯಿ ಹೆಚ್ಚುತ್ತಿದ್ದಳು. ಫೋನನ್ನು ಕುಕ್ಕರಿಗೆ ಒರಗಿಸಿ ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ದೀಪ ಹಚ್ಚಿದ ಹೊತ್ತು. ಜಗಲಿಯಲ್ಲಿ ದೊಡ್ಡಪ್ಪ, ಹಿಂದೆ ದೊಡ್ಡವ್ವ, ಅವರ ಹಿಂದೆ ಮನೆಮಂದಿಯೆಲ್ಲ.

“ಏನ್ಲಾ, ದೇಶದ ಕೆಲ್ಸ ಮುಗೀತಾ?”

“ಮುಗೀತು ದೊಡ್ಡಪ್ಪ. ಒಂದ್ ಮಾತು ಉಳ್ಕಂಡದೆ.” ಜಾರುತ್ತಿದ್ದ ಫೋನನ್ನು ನೆಟ್ಟಗೆ ಒರಗಿಸಿದೆ. “ಅಳೀಮಯ್ಯ ಟೂರ್ ಮೇಲಿಲ್ಲ. ಅವ್ರಿಗೂ ನಮ್ಗೂ ಸಂಬಂಧ ಕಡ್ದು ಎಷ್ಟೋ ವರ್ಷ ಆಯ್ತು. ನಿಮ್ಗೆ ಹೇಳು ಅಂತ ತಂಗಿ ಅವತ್ತೇ ಹೇಳಿದ್ಲು. ಟೂರು ಅಂತ ಸುಳ್ಳು ಹೇಳ್ಕಂಡು ಬಂದೋನು ನಾನು.”

ಹುರುಳಿಕಾಯಿ ಹೆಚ್ಚುವ ಸದ್ದು ನಿಂತಿತು. ಜಗಲಿಯಲ್ಲಿ ದೊಡ್ಡವ್ವ ಮುಂದೆ ಬಾಗಿದಳು.

“ಇಷ್ಟ್ ವರ್ಸದಿಂದ ಅದ್ಯಾವ್ ಟೂರು ಅಂತ ನಾನು ಕೇಳ್ತಾನೇ ಇದ್ನಲ್ಲ,” ಅಂದಳು ಗಂಡನಿಗೆ.

“ಸುಮ್ಕಿರು,” ಅಂದರು ದೊಡ್ಡಪ್ಪ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. “ಮಗಿ ಎಲ್ಲವ್ಳೆ? ಅವ್ಳನ್ನ ಕರಿ.”

“ಕರೀತೀನಿ ದೊಡ್ಡಪ್ಪ. ಒಂದ್ ನಿಮ್ಸ. ನೀವು ಅಲ್ಲೇ ಇರಿ, ಕೇಳಿಸ್ಕಳಿ.”

ತಟ್ಟೆ ತಂದು ಅವಳ ಮುಂದೆ ನಿಂತೆ. ಅವಳು ಚೂಡಿದಾರದಲ್ಲಿದ್ದಳು, ಹೆಗಲ ಮೇಲೆ ಸೆರಗಿರಲಿಲ್ಲ. ದುಪಟ್ಟಾ ಕುರ್ಚಿಯ ಮೇಲಿತ್ತು. ಸೊಸೆ ಎಲ್ಲಿದ್ದಳೋ, ಬಂದು ಅದನ್ನು ಎತ್ತಿ ಅಮ್ಮನ ಕೈಗೆ ಕೊಟ್ಟಳು. ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದಳು, ಆದರೆ ಮುಂದೆ ಒಡ್ಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

“ಇದು ನನ್ ತಂಗಿ ಮನೆ,” ಅಂದೆ, ಕುಕ್ಕರಿನ ಹತ್ತಿರದ ಫೋನಿಗೂ ಕೇಳುವಷ್ಟು ಗಟ್ಟಿಯಾಗಿ. “ಇದು ನನ್ ತಂಗಿಗೆ ತಂದ ಬಾಗಿನ. ನನ್ನ ಇಲ್ಲಿಗೆ ಕರ್ಸಕ್ಕೆ ನೀನು ದೇಶಾನೇ ಬಿಟ್ಕೊಟ್ಟೆ, ನಾನು ಆ ದೇಶದ ಮುಂದೆ ನಿನ್ನ ತಂಗಿ ಅನ್ನಕ್ಕೆ ಹೆದರ್ಕಂಡೆ. ತಪ್ಪಾಯ್ತು ಕಣವ್ವ.”